ಬೆಂಬಲಕ್ಕೆ ಕೊಟ್ಟ ಹಣ ಕೋಡ್ ಬರೆದವರಿಗೆ ಏಕೆ ತಲುಪುವುದಿಲ್ಲ?

ಬೆಂಗಳೂರಿನ ಐಟಿ ಸೇವಾ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಎಲ್1, ಎಲ್2, ಎಲ್3 ಎಂಬ ಮೆಟ್ಟಿಲುಗಳು ಗೊತ್ತು. ಗ್ರಾಹಕರ ದೂರನ್ನು ಮೊದಲು ಎತ್ತಿಕೊಂಡು ಟಿಕೆಟ್ ತೆರೆಯುವವರು ಎಲ್1. ಸೆಟ್ಟಿಂಗ್ ಬದಲಿಸಿಯೋ ಸರ್ವರನ್ನು ಮತ್ತೆ ಚಾಲೂ ಮಾಡಿಯೋ ಸರಿಪಡಿಸುವವರು ಎಲ್2. ಅಲ್ಲಿಯೂ ಬಗೆಹರಿಯದಿದ್ದರೆ ಕೋಡ್ ತೆರೆದು ನೋಡಬಲ್ಲವರ ಬಳಿಗೆ, ಅಂದರೆ ಎಲ್3ಗೆ ಹೋಗುತ್ತದೆ. ಮೂರಕ್ಕೂ ದರವಿದೆ, ಮೇಲೆ ಹೋದಂತೆ ದರವೂ ಏರುತ್ತದೆ. ತಂತ್ರಾಂಶ ಓಪನ್ ಸೋರ್ಸ್ (ಮೂಲ ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದದ್ದು) ಆಗಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಎಲ್1ಗೆ ಸಂಬಳವಿದೆ, ಎಲ್2ಗೂ ಇದೆ. ಕೋಡ್ ಬರೆದ, ದೋಷವನ್ನು ನಿಜವಾಗಿ ತಿದ್ದಬಲ್ಲ ವ್ಯಕ್ತಿ ಸ್ವೀಡನ್ನಿನಲ್ಲೋ ಫಿನ್‌ಲ್ಯಾಂಡಿನಲ್ಲೋ ಕೇರಳದಲ್ಲೋ ಹೊಟ್ಟೆಪಾಡಿನ ಉದ್ಯೋಗ ಮುಗಿಸಿ, ರಾತ್ರಿ ಊಟವಾದ ಮೇಲೆ ಕುಳಿತು ಬಿಟ್ಟಿಯಾಗಿ ಉತ್ತರ ಬರೆಯುತ್ತಿರುತ್ತಾರೆ.

ಗ್ರಾಹಕರು ಹಣ ಕೊಡುವುದಿಲ್ಲ ಎಂದು ದೂರುವಂತಿಲ್ಲ. ಬ್ಯಾಂಕು, ವಿಮಾ ಕಂಪನಿ, ಆಸ್ಪತ್ರೆ, ಸರ್ಕಾರಿ ಇಲಾಖೆ ಎಲ್ಲವೂ ಬೆಂಬಲಕ್ಕೆಂದು ವರ್ಷವರ್ಷವೂ ಹಣ ತೆಗೆದಿಡುತ್ತವೆ. ಲಿಫ್ಟಿಗೆ, ಯುಪಿಎಸ್‌ಗೆ ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ಮಾಡಿಸಿದಂತೆ ತಂತ್ರಾಂಶಕ್ಕೂ ಮಾಡಿಸುತ್ತವೆ. ಆ ಹಣ ಮೊದಲ ಎರಡು ಮೆಟ್ಟಿಲುಗಳಲ್ಲೇ ಹಂಚಿಹೋಗುತ್ತದೆ. ಮೇಂಟೇನರ್‌ಗಳಿಗೆ, ಅಂದರೆ ಬಂದ ತಿದ್ದುಪಡಿಗಳನ್ನು ಓದಿ, ಒಪ್ಪಿ ಅಥವಾ ತಿರಸ್ಕರಿಸಿ, ಹೊಸ ಆವೃತ್ತಿ ಹೊರತರುವ ಹೊಣೆ ಹೊತ್ತವರಿಗೆ, ತಲುಪುವುದು ಅಪರೂಪ. ಓಪನ್ ಸೋರ್ಸ್‌ನ ಹಣಕಾಸಿನ ಮಾತು ಬಂದಾಗಲೆಲ್ಲ ದಾನ, ಪ್ರಾಯೋಜಕತ್ವ, ಋಣ ತೀರಿಸುವುದು ಎಂಬ ಪದಗಳೇ ಮುಂದೆ ಬರುತ್ತವೆ. ನಾನು ಹೇಳಬೇಕೆಂದಿರುವುದು ಬೇರೆ. ಬೆಂಬಲಕ್ಕೆ ಈಗಾಗಲೇ ಖರ್ಚಾಗುತ್ತಿರುವ ಹಣದ ಒಂದು ಪಾಲು ಬೆಂಬಲದ ಹೆಸರಿನಲ್ಲೇ, ಲಿಖಿತ ಕರಾರಿನ ಮೂಲಕವೇ ಇವರಿಗೆ ಸೇರಬೇಕು. ಕರಾರು ಎಂಥದ್ದು ಎಂಬುದೂ ಅಷ್ಟೇ ಮುಖ್ಯ, ಏಕೆಂದರೆ ಹಣ ಬಂದೂ ಕೋಡ್ ಸೊರಗಿದ ಉದಾಹರಣೆ ನಮ್ಮ ಮುಂದಿದೆ.

ಮೊದಲು ಕರ್ಲ್ ಎಂಬ ತಂತ್ರಾಂಶದ ವಿಷಯ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದತ್ತಾಂಶ ಸಾಗಿಸುವುದು ಅದರ ಕೆಲಸ. ಫೋನು, ಟಿವಿ, ಕಾರು, ಬ್ಯಾಂಕಿನ ಸರ್ವರು ಎಲ್ಲದರ ಒಳಗೂ ಅದಿದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಈ ಹೆಸರಿನಲ್ಲಿ ಅದನ್ನು ನಡೆಸಿಕೊಂಡು ಬಂದಿದ್ದಾರೆ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಜಾವಾ ಭಾಷೆಯ ಲೈಬ್ರರಿಯಲ್ಲಿ (ಲೈಬ್ರರಿ ಎಂದರೆ ಬೇರೆ ತಂತ್ರಾಂಶಗಳು ತಮ್ಮೊಳಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ದೊಡ್ಡ ಭದ್ರತಾ ಲೋಪ ಬಯಲಾಗಿ ಜಗತ್ತಿನ ಐಟಿ ವಿಭಾಗಗಳೆಲ್ಲ ರಜೆ ರದ್ದು ಮಾಡಿ ಕುಳಿತವು. ಮುಂದಿನ ತಿಂಗಳು ಫಾರ್ಚೂನ್ 500 ಪಟ್ಟಿಯ ಒಂದು ಕಂಪನಿಯಿಂದ ಸ್ಟೆನ್‌ಬರ್ಗ್ ಅವರಿಗೆ ಒಂದು ಇಮೇಲ್ ಬಂತು. ನಿಮ್ಮ ಉತ್ಪನ್ನದಲ್ಲಿ ಲಾಗ್4ಜೆ ಇದೆಯೇ, ನೀವು ಏನು ಕ್ರಮ ಕೈಗೊಂಡಿದ್ದೀರಿ ಎಂಬಂಥ ಪ್ರಶ್ನೆಗಳ ಪಟ್ಟಿ. 24 ಗಂಟೆಗಳೊಳಗೆ ಉತ್ತರಿಸಬೇಕೆಂಬ ಸೂಚನೆ. ಕರ್ಲ್ ಬರೆದಿರುವುದು ಸಿ ಭಾಷೆಯಲ್ಲಿ, ಲಾಗ್4ಜೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಬೆಂಬಲ ಕರಾರು ಮಾಡಿಕೊಂಡರೆ ಸಂತೋಷದಿಂದ ಉತ್ತರಿಸುತ್ತೇನೆ ಎಂದು ಅವರು ಬರೆದರು. ಅದಕ್ಕೆ ಬಂದ ಪ್ರತ್ಯುತ್ತರದಲ್ಲಿ ಅವರ ಹೆಸರೇ ತಪ್ಪಾಗಿತ್ತು, ಹಾಗಾದರೆ ನಾವು ನಿಮ್ಮ ಗ್ರಾಹಕರಲ್ಲವೇ ಎಂಬ ಪ್ರಶ್ನೆಯಿತ್ತು.

ಆ ಇಮೇಲ್ ಕಳುಹಿಸಿದ ಉದ್ಯೋಗಿಯನ್ನು ದೂರಿ ಪ್ರಯೋಜನವಿಲ್ಲ. ದೊಡ್ಡ ಕಂಪನಿಯ ಖರೀದಿ ವ್ಯವಸ್ಥೆಯಲ್ಲಿ ವೆಂಡರ್ ಎಂದರೆ ಹಣ ಪಡೆದು ಸರಕು ಕೊಟ್ಟವನು. ಹಣವನ್ನೇ ಪಡೆಯದ ಪೂರೈಕೆದಾರನಿಗೆ ಅಲ್ಲಿ ಕಾಲಂ ಇಲ್ಲ. ಹೀಗಾಗಿ ಅವರು ಎಲ್ಲರಿಗೂ ಒಂದೇ ನಮೂನೆ ಕಳುಹಿಸಿದರು. ಸ್ಟೆನ್‌ಬರ್ಗ್ ಅಷ್ಟು ಖಚಿತವಾಗಿ ಕರಾರಿನ ಮಾತೆತ್ತಲು ಸಾಧ್ಯವಾದದ್ದು ಅವರ ಹಿಂದೆ ಒಂದು ವ್ಯವಸ್ಥೆ ಇದ್ದುದರಿಂದ. 2019ರಲ್ಲಿ ಅವರು ವುಲ್ಫ್‌ಎಸ್‌ಎಸ್‌ಎಲ್ ಎಂಬ ಸಣ್ಣ ಕಂಪನಿ ಸೇರಿದರು. ಅದು ಕರ್ಲ್‌ಗೆ ವಾಣಿಜ್ಯ ಬೆಂಬಲ ಮಾರುತ್ತದೆ, ಅವರು ಪೂರ್ಣಾವಧಿ ಕರ್ಲ್ ಮೇಲೆ ಕೆಲಸ ಮಾಡುತ್ತಾರೆ. ಬಹುಪಾಲು ಮೇಂಟೇನರ್‌ಗಳಿಗೆ ಇಂಥ ಆಸರೆಯಿಲ್ಲ. ಅವರು ಮುಜುಗರದಿಂದಲೋ ಭಯದಿಂದಲೋ ಉತ್ತರ ಬರೆದುಬಿಡುತ್ತಾರೆ.

2024ರ ಏಪ್ರಿಲ್‌ನಲ್ಲಿ ಎಫ್‌ಎಫ್‌ಎಂಪೆಗ್ ತಂಡ ಇದೇ ಸಂಕಟವನ್ನು ಸಾರ್ವಜನಿಕವಾಗಿ ಹೇಳಿಕೊಂಡಿತು. ವಿಡಿಯೊ, ಆಡಿಯೊ ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಈ ತಂತ್ರಾಂಶವಿಲ್ಲದೆ ಇಂದಿನ ವಿಡಿಯೊ ಲೋಕವನ್ನು ಊಹಿಸುವುದು ಕಷ್ಟ. ಮೈಕ್ರೋಸಾಫ್ಟ್ ಟೀಮ್ಸ್‌ನ ಕಡೆಯವರೊಬ್ಬರು ಎಫ್‌ಎಫ್‌ಎಂಪೆಗ್‌ನ ಬಗ್ ಪಟ್ಟಿಯಲ್ಲಿ, ಅಂದರೆ ದೋಷಗಳ ಪಟ್ಟಿಯಲ್ಲಿ, ತಮ್ಮ ಸಮಸ್ಯೆ ದಾಖಲಿಸಿ, ಇದು ತುರ್ತು ಎಂದಿದ್ದರು. ತಂಡ ದೀರ್ಘಾವಧಿಯ ಬೆಂಬಲ ಕರಾರು ಕೇಳಿತು. ಬಂದದ್ದು ಒಂದು ಬಾರಿಗೆ ಕೆಲವು ಸಾವಿರ ಡಾಲರ್ ಕೊಡುವ ಪ್ರಸ್ತಾಪ. ತಂಡ ಅದನ್ನು ಒಪ್ಪಲಾಗದು ಎಂದಿತು. ಹೊರಗಿನಿಂದ ನೋಡಿದವರಿಗೆ ಇದು ಹಟದಂತೆ ಕಂಡಿರಬಹುದು. ಆದರೆ ತಂಡ ಕೇಳಿದ್ದು ಒಂದು ಬಗ್ಗಿನ ಬೆಲೆಯನ್ನಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಬೆಳೆದ ಕೋಡನ್ನು ಮುಂದಿನ ವರ್ಷವೂ ಯಾರಾದರೂ ಓದಿ ಅರ್ಥಮಾಡಿಕೊಂಡಿರಬೇಕಲ್ಲ, ಅದರ ಖರ್ಚನ್ನು. ಆ ತಿಳಿವಳಿಕೆ ಉಳಿಯಬೇಕಾದರೆ ಪ್ರತಿ ತಿಂಗಳೂ ಯಾರದೋ ಮನೆಗೆ ದಿನಸಿ ಬರಬೇಕು. ಒಮ್ಮೆ ಕೊಟ್ಟ ಚೆಕ್ಕು ಆ ಕೆಲಸ ಮಾಡುವುದಿಲ್ಲ.

ಇನ್ನು ತಪ್ಪು ಕರಾರಿನ ಕಥೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇದನ್ನು ಅರ್ಧ ಮಾತ್ರ ಹೇಳುವುದು ರೂಢಿಯಾಗಿದೆ. 2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್‌ನಲ್ಲಿದ್ದ ಹಾರ್ಟ್‌ಬ್ಲೀಡ್ ಎಂಬ ಲೋಪ ಬಹಿರಂಗವಾಯಿತು. ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ವಿಳಾಸದ ಪಕ್ಕ ಕಾಣುತ್ತಿದ್ದ ಬೀಗದ ಗುರುತಿನ ಹಿಂದೆ ಇದ್ದದ್ದು ಬಹುತೇಕ ಇದೇ ಲೈಬ್ರರಿ. ಸರ್ವರಿನ ನೆನಪಿನಲ್ಲಿದ್ದ ಗುಟ್ಟಿನ ಕೀಲಿಗಳನ್ನೂ ಪಾಸ್‌ವರ್ಡ್‌ಗಳನ್ನೂ ದೂರದಲ್ಲಿ ಕುಳಿತವರು ಓದಬಹುದಾಗಿತ್ತು. ಲೋಪ ನುಸುಳಿದ ಮೇಲೆ ಎರಡು ವರ್ಷ ಯಾರಿಗೂ ಕಂಡಿರಲಿಲ್ಲ. ಆಗ ಹೊರಬಿದ್ದ ಸಂಗತಿ ಎಲ್ಲರನ್ನೂ ದಂಗುಬಡಿಸಿತು: ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ, ದಾನ ಸಾಲದಾಯಿತು ಎಂಬ ನೀತಿಯೊಂದಿಗೆ. ಆದರೆ ಓಪನ್‌ಎಸ್‌ಎಸ್‌ಎಲ್‌ಗೆ ದೇಣಿಗೆಗಿಂತ ಎಷ್ಟೋ ಪಟ್ಟು ಹೆಚ್ಚು ವಾಣಿಜ್ಯ ಆದಾಯವಿತ್ತು. ಅದರ ಪರವಾಗಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಸ್ಟೀವ್ ಮಾರ್ಕ್ವೆಸ್ ಆಗ ಬರೆದಂತೆ, ಅದು ಯಾವ ವರ್ಷವೂ ಹತ್ತು ಲಕ್ಷ ಡಾಲರ್ ದಾಟಿರಲಿಲ್ಲ, ಆದರೆ ಬೆಂಬಲ ಮತ್ತು ಗುತ್ತಿಗೆ ಕೆಲಸದಿಂದ ಹಣ ಬರುತ್ತಿತ್ತು. ಆ ಗುತ್ತಿಗೆಗಳಲ್ಲಿ ಮುಖ್ಯವಾದದ್ದು ಫಿಪ್ಸ್ 140-2 ಎಂಬ ಅಮೆರಿಕ ಸರ್ಕಾರದ ಪ್ರಮಾಣೀಕರಣ. ಅಮೆರಿಕದ ಸರ್ಕಾರಕ್ಕೆ ತಂತ್ರಾಂಶ ಮಾರುವ ಕಂಪನಿಗಳಿಗೆ ಆ ಮುದ್ರೆ ಬೇಕಿತ್ತು, ಅದಕ್ಕೆ ಅವು ಹಣ ಕೊಟ್ಟವು. ಹಳೆಯ ಕೋಡ್ ಮತ್ತೆ ಓದಿ, ಹೊಸ ತಿದ್ದುಪಡಿಗಳನ್ನು ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿ, ದಸ್ತಾವೇಜು ಬರೆಸಿ ಎಂದು ಯಾರೂ ಹಣ ಕೊಡಲಿಲ್ಲ. ಹೀಗೆ ಇದ್ದ ಒಂದೆರಡು ಜೊತೆ ಕಣ್ಣುಗಳು ಗ್ರಾಹಕ ಕೇಳಿದ ಕಡೆಗೆ ತಿರುಗಿದವು, ಹಾರ್ಟ್‌ಬ್ಲೀಡ್ ಇದ್ದ ಸಾಲುಗಳ ಕಡೆಗೆ ಯಾರೂ ಮತ್ತೆ ನೋಡಲಿಲ್ಲ. ಗಂಟೆಯ ಲೆಕ್ಕದಲ್ಲಿ, ಕೆಲಸದ ಲೆಕ್ಕದಲ್ಲಿ ಬೆಂಬಲ ಮಾರಿದರೆ ಬರುವ ಅಪಾಯ ಇದೇ. ಗ್ರಾಹಕನ ಟಿಕೆಟ್ ಮುಗಿಯುತ್ತದೆ, ಕೋಡ್ ಹಾಗೇ ಉಳಿಯುತ್ತದೆ.

ಹಾರ್ಟ್‌ಬ್ಲೀಡ್ ಆದ ಕೆಲವೇ ವಾರಗಳಲ್ಲಿ ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳನ್ನು ಸೇರಿಸಿ ಒಂದು ನಿಧಿ ಮಾಡಿತು. ಅದರಿಂದ ಓಪನ್‌ಎಸ್‌ಎಸ್‌ಎಲ್‌ಗೆ ಇಬ್ಬರು ಪೂರ್ಣಾವಧಿ ಡೆವಲಪರ್‌ಗಳ ಸಂಬಳ ದೊರಕಿತು. ಇಂದು ಆ ಯೋಜನೆ ಹಳೆಯ ಆವೃತ್ತಿಗಳಿಗೆ ದೀರ್ಘ ಬೆಂಬಲವನ್ನು ನೇರವಾಗಿ ಮಾರುತ್ತದೆ. ಹೊಸದು ಎಲ್ಲರಿಗೂ ಉಚಿತ. ಹತ್ತು ವರ್ಷದ ಹಿಂದಿನ ಆವೃತ್ತಿಯನ್ನೇ ಇಟ್ಟುಕೊಳ್ಳುತ್ತೇವೆ ಎನ್ನುವ ಕಂಪನಿ ಅದಕ್ಕೆ ಹಣ ಕೊಡಬೇಕು. ಇದು ನ್ಯಾಯವಾದ ವಿಂಗಡಣೆ ಎಂದು ನನಗೆ ಅನಿಸುತ್ತದೆ.

ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಲೈಬ್ರರಿಯ ಪ್ರಕರಣ ಹಲವರಿಗೆ ನೆನಪಿರಬಹುದು. ಫಿನ್‌ಲ್ಯಾಂಡಿನ ಲಾಸೆ ಕೊಲಿನ್ ಸಂಬಳವಿಲ್ಲದೆ ನಡೆಸುತ್ತಿದ್ದ ಆ ಯೋಜನೆಗೆ ಜಿಯಾ ತಾನ್ ಎಂಬ ಹೆಸರಿನವರು ಎರಡು ವರ್ಷ ವಿಶ್ವಾಸ ಗಳಿಸಿ ಒಳಸೇರಿದರು. ಕೆಲಸ ನಿಧಾನವಾಯಿತೆಂದು ಕೊಲಿನ್ ಮೇಲೆ ಬೇರೆ ಹೆಸರುಗಳಿಂದ ಒತ್ತಡವೂ ಬಂತು. ಇದು ಹಣ ಬರದ ಹವ್ಯಾಸದ ಯೋಜನೆ, ಮನಸ್ಸಿನ ಆರೋಗ್ಯವೂ ಸರಿಯಿಲ್ಲ ಎಂದು ಅವರು ಬರೆದುಕೊಂಡಿದ್ದರು. ಕೊನೆಗೆ ಸರ್ವರುಗಳಿಗೆ ಕಳ್ಳಬಾಗಿಲು ತೆರೆಯುವ ಕೋಡ್ ಅದರಲ್ಲಿ ಸೇರಿಕೊಂಡಿತು. 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದವರು ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂಬ ಅನುಮಾನದಿಂದ ಅವರು ಬೆನ್ನಟ್ಟಿದ್ದರು. ಈ ಭಾಗ ಎಲ್ಲರೂ ಹೇಳುತ್ತಾರೆ. ಫ್ರಾಯಿಂಡ್ ಮೈಕ್ರೋಸಾಫ್ಟ್‌ನ ಸಂಬಳದಲ್ಲಿ ಪೋಸ್ಟ್‌ಗ್ರೆಸ್ ಎಂಬ ಓಪನ್ ಸೋರ್ಸ್ ದತ್ತಾಂಶ ವ್ಯವಸ್ಥೆಯ ಮೇಲೆ ಕೆಲಸ ಮಾಡುವವರು ಎಂಬುದನ್ನು ಮಾತ್ರ ಹೆಚ್ಚು ಜನ ಗಮನಿಸುವುದಿಲ್ಲ. ಕನ್ನ ಬಿದ್ದದ್ದು ಯಾರೂ ಹಣ ಕೊಡದ ಯೋಜನೆಗೆ. ಅದನ್ನು ಕಂಡುಹಿಡಿದದ್ದು ಅರ್ಧ ಸೆಕೆಂಡಿನ ಹಿಂದೆ ಬೀಳುವಷ್ಟು ಬಿಡುವು ಇದ್ದ, ಸಂಬಳ ಪಡೆಯುವ ಡೆವಲಪರ್.

ಬೆಂಬಲ ಮಾರಿ ಬದುಕುವುದು ಹೊಸ ಕಲ್ಪನೆಯೇನೂ ಅಲ್ಲ. ಓಪನ್ ಸೋರ್ಸ್ ಪರವಾನಗಿಗಳೆಲ್ಲ ಸಾಮಾನ್ಯವಾಗಿ ಒಂದು ಮಾತು ಹೇಳುತ್ತವೆ: ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇವೆ, ಯಾವ ಖಾತರಿಯೂ ಇಲ್ಲ. ಜಿಪಿಎಲ್ ಎಂಬ ಪರವಾನಗಿಯ 1991ರ ಎರಡನೆಯ ಆವೃತ್ತಿಯಂತೂ, ಬೇಕಿದ್ದವರು ಹಣ ಪಡೆದು ಖಾತರಿ ಕೊಡಬಹುದು ಎಂದು ಬಾಯಿಬಿಟ್ಟು ಹೇಳಿದೆ. ಕೋಡ್ ಉಚಿತ, ಖಾತರಿ ಉಚಿತವಲ್ಲ ಎಂಬುದು ಮೊದಲಿನಿಂದಲೂ ಇದ್ದ ವ್ಯವಸ್ಥೆ. 1989ರಲ್ಲಿ ಮೈಕೇಲ್ ಟೀಮನ್, ಜಾನ್ ಗಿಲ್ಮೋರ್, ಡೇವಿಡ್ ಹೆಂಕೆಲ್-ವಾಲೇಸ್ ಸೇರಿ ಸಿಗ್ನಸ್ ಎಂಬ ಕಂಪನಿ ಕಟ್ಟಿದ್ದು ಇದೇ ನಂಬಿಕೆಯ ಮೇಲೆ. ಹೂಡಿದ್ದು 6,000 ಡಾಲರ್. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್‌ಗೂ ದೋಷ ಹುಡುಕಲು ನೆರವಾಗುವ ಜಿಡಿಬಿಗೂ ಅವರು ಬೆಂಬಲ ಮಾರಿದರು. ಚಿಪ್ ತಯಾರಕರು ತಮ್ಮ ಹೊಸ ಚಿಪ್ಪಿಗೆ ಜಿಸಿಸಿ ಹೊಂದಿಸಿಕೊಡಲು ಹಣ ಕೊಟ್ಟರು, ಆ ಕೆಲಸ ಸಾರ್ವಜನಿಕ ಕೋಡಿಗೇ ಸೇರಿತು. ಹತ್ತು ವರ್ಷಗಳ ನಂತರ ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡಿತು. ರೆಡ್ ಹ್ಯಾಟ್ ಚಂದಾ ಮಾದರಿಯಲ್ಲಿ ಬೆಳೆದು 2019ರಲ್ಲಿ ಐಬಿಎಂಗೆ 3,400 ಕೋಟಿ ಡಾಲರಿಗೆ ಮಾರಾಟವಾಯಿತು. ಬೆಂಬಲದಲ್ಲಿ ಹಣವಿಲ್ಲ ಎಂದು ಯಾರೂ ಹೇಳಲಾಗದು.

ಹಾಗಾದರೆ ತೊಡಕೇನು? ರೆಡ್ ಹ್ಯಾಟ್ ಒಂದು ಇಡೀ ಕಾರ್ಯವ್ಯವಸ್ಥೆಯನ್ನು ಕಟ್ಟಿ ಮಾರುತ್ತದೆ, ಸಾವಿರಾರು ಡೆವಲಪರ್‌ಗಳಿಗೆ ಸಂಬಳ ಕೊಡುತ್ತದೆ. ಎಕ್ಸ್‌ಝಡ್‌ನಂಥ ಒಂಟಿ ಲೈಬ್ರರಿಗೆ ಯಾರೂ ಕರೆ ಮಾಡಿ ಬೆಂಬಲ ಕೇಳುವುದಿಲ್ಲ, ಏಕೆಂದರೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಚೆನ್ನಾಗಿ ಬರೆದ ಕೋಡಿಗೆ ಟಿಕೆಟ್ ಬರುವುದಿಲ್ಲ, ಟಿಕೆಟ್ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿಯಲ್ಲಿ ಅದಕ್ಕೆ ಕಾಸೂ ಬರುವುದಿಲ್ಲ.

ಇದಕ್ಕೆ ಉತ್ತರ ಕಂಡುಕೊಂಡವರು ಇದ್ದಾರೆ. ನಿಮ್ಮ ಫೋನಿನಲ್ಲಿ ಹತ್ತಾರು ಕಡೆ ಕೂತು ದತ್ತಾಂಶ ಕೂಡಿಡುವ ಎಸ್‌ಕ್ಯೂಲೈಟ್ ಅನ್ನು 2000ದಲ್ಲಿ ಶುರುಮಾಡಿದವರು ರಿಚರ್ಡ್ ಹಿಪ್. ಮೊಝಿಲ್ಲಾದ ಮಿಚೆಲ್ ಬೇಕರ್ ಅವರ ಸಲಹೆಯಂತೆ ಬಳಕೆದಾರ ಕಂಪನಿಗಳ ಒಂದು ಒಕ್ಕೂಟ ಮಾಡಿಕೊಂಡರು. ಸದಸ್ಯ ಕಂಪನಿಗಳು ವಾರ್ಷಿಕ ಶುಲ್ಕ ಕೊಡುತ್ತವೆ, ಡೆವಲಪರ್‌ಗಳೊಂದಿಗೆ ನೇರವಾಗಿ ಮಾತನಾಡುವ ಹಕ್ಕು ಪಡೆಯುತ್ತವೆ. ತಂತ್ರಾಂಶ ಎತ್ತ ಸಾಗಬೇಕೆಂಬ ತೀರ್ಮಾನ ಮಾತ್ರ ಡೆವಲಪರ್‌ಗಳದ್ದೇ. ಆ ಭರವಸೆಯ ಮೇಲೆ ಅವರು 2050ರವರೆಗೆ ಬೆಂಬಲ ಕೊಡುವ ಸಂಕಲ್ಪ ಹೇಳಿಕೊಂಡಿದ್ದಾರೆ. ಇಪ್ಪತ್ತೈದು ವರ್ಷ ಮುಂದಿನ ಮಾತು ಕೊಡುವ ಧೈರ್ಯ ನಮ್ಮಲ್ಲಿ ಎಷ್ಟು ಕಂಪನಿಗಳಿಗಿದೆ?

ಗೂಗಲ್‌ನಲ್ಲಿದ್ದು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಗೂಢಲಿಪಿ ಲೈಬ್ರರಿಗಳನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ಪೊ ವಾಲ್ಸೋರ್ದಾ 2022ರಲ್ಲಿ ಕೆಲಸ ಬಿಟ್ಟು, ಅದೇ ಕೆಲಸವನ್ನು ಸ್ವತಂತ್ರವಾಗಿ ಮಾಡತೊಡಗಿದರು. 2024ರಲ್ಲಿ ಇನ್ನು ಕೆಲವು ಮೇಂಟೇನರ್‌ಗಳೊಂದಿಗೆ ಜಿಯೋಮಿಸ್ ಎಂಬ ಸಂಸ್ಥೆ ಕಟ್ಟಿದರು. ಅವರ ಗ್ರಾಹಕ ಕಂಪನಿಗಳು ಗಂಟೆಗಳನ್ನು ಕೊಳ್ಳುವುದಿಲ್ಲ. ದೊಡ್ಡ ಕಂಪನಿಗಳು ಹಿರಿಯ ವಕೀಲರನ್ನು ವಾರ್ಷಿಕ ಶುಲ್ಕಕ್ಕೆ ನೇಮಿಸಿಕೊಂಡಿರುವ ಹಾಗೆ, ಬೇಕಾದಾಗ ಸಲಹೆ ಕೇಳುವ ಅವಕಾಶಕ್ಕೂ ಮುಖ್ಯವಾಗಿ ಆ ಲೈಬ್ರರಿ ಚೆನ್ನಾಗಿ ನಡೆಯುತ್ತಿರುತ್ತದೆ ಎಂಬ ನೆಮ್ಮದಿಗೂ ಹಣ ಕೊಡುತ್ತವೆ. ನನ್ನ ದೃಷ್ಟಿಯಲ್ಲಿ ಈ ಹೊತ್ತಿನ ಅತ್ಯುತ್ತಮ ಮಾದರಿ ಇದು. ಓಪನ್‌ಎಸ್‌ಎಸ್‌ಎಲ್‌ನ ಗುತ್ತಿಗೆಗಳು ಮೇಂಟೇನರನ್ನು ಕೋಡಿನಿಂದ ದೂರ ಸೆಳೆದವು. ಇಲ್ಲಿ ಹಣ ಬರುವುದೇ ಕೋಡಿನ ಬಳಿ ಕುಳಿತಿರುವುದಕ್ಕೆ.

ಒಬ್ಬರ ಬದಲು ನೂರಾರು ಜನರಿರುವ ಯೋಜನೆಗೆ ಬೇರೆಯೇ ವ್ಯವಸ್ಥೆ ಬೇಕು. ಲಿನಕ್ಸ್ ಆಧರಿಸಿದ ಕಾರ್ಯವ್ಯವಸ್ಥೆ ಡೆಬಿಯನ್ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 2006ರಲ್ಲಿ ಆವೃತ್ತಿ ಬಿಡುಗಡೆಯ ಹೊಣೆ ಹೊತ್ತ ಇಬ್ಬರಿಗೆ ಮಾತ್ರ ಹಣ ಕೊಡುವ ಪ್ರಯತ್ನ ನಡೆದಾಗ, ಸಂಬಳವಿಲ್ಲದೆ ದುಡಿಯುತ್ತಿದ್ದ ಉಳಿದವರಲ್ಲಿ ಬೇಸರ ಹುಟ್ಟಿತು, ಕೆಲವರು ಕೆಲಸ ನಿಧಾನಗೊಳಿಸಿದರು. ಡಿಸೆಂಬರಿಗೆಂದು ಗೊತ್ತುಮಾಡಿದ್ದ ಬಿಡುಗಡೆ ಮುಂದಿನ ಏಪ್ರಿಲ್‌ಗೆ ಹೋಯಿತು. ಹಣ ಬಂದರೆ ಸ್ವಯಂಸೇವಕರ ಮನಸ್ಸು ಒಡೆಯುತ್ತದೆ ಎನ್ನುವವರು ಇಂದಿಗೂ ಇದನ್ನೇ ಎತ್ತಿ ತೋರಿಸುತ್ತಾರೆ, ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ 2014ರಲ್ಲಿ ಫ್ರೆಂಚ್ ಕಂಪನಿ ಫ್ರೆಕ್ಸಿಯನ್ ಬೇರೆ ದಾರಿ ಹಿಡಿಯಿತು. ಹಳೆಯ ಆವೃತ್ತಿಗಳ ಭದ್ರತಾ ದುರಸ್ತಿ ಯಾವ ಸ್ವಯಂಸೇವಕರಿಗೂ ಇಷ್ಟವಿಲ್ಲದ, ಕಂಪನಿಗಳಿಗೆ ಮಾತ್ರ ಬೇಕಾದ ಕೆಲಸ. ಅನೇಕ ಕಂಪನಿಗಳಿಂದ ಹಣ ಒಟ್ಟುಮಾಡಿ, ಆ ಕೆಲಸ ಮಾಡಲು ಮುಂದೆ ಬಂದ ಡೆಬಿಯನ್ ಡೆವಲಪರ್‌ಗಳಿಗೆ ಅದು ಹಂಚುತ್ತದೆ. ಯಾರು ಎಷ್ಟು ಗಂಟೆ ದುಡಿದರು ಎಂಬ ಮಾಸಿಕ ವರದಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಹತ್ತು ವರ್ಷ ದಾಟಿ ಅದು ನಡೆದುಕೊಂಡು ಬಂದಿದೆ. ಯಾರೂ ಮಾಡಲು ಬಯಸದ ಕೆಲಸಕ್ಕೆ ಮುಕ್ತವಾಗಿ ಲೆಕ್ಕ ಕೊಟ್ಟು ಹಣ ಕೊಟ್ಟರೆ ಅಸೂಯೆಗೆ ಹೆಚ್ಚು ಜಾಗವಿರುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್/ಫಂಡ್ ಎಂಬ ನಿಧಿ ಘೋಷಿಸಿತು. ವರ್ಷಕ್ಕೆ ಹತ್ತು ಲಕ್ಷ ಡಾಲರ್, ಒಂದು ಯೋಜನೆಗೆ 10,000ದಿಂದ 1,00,000 ಡಾಲರ್‌ವರೆಗೆ, ಜಗತ್ತಿನ ಯಾವ ಮೂಲೆಯವರಿಗಾದರೂ. ತನ್ನ ವಹಿವಾಟು ಓಪನ್ ಸೋರ್ಸ್ ಮೇಲೆ ನಿಂತಿದೆ ಎಂದು ಒಪ್ಪಿ, ಷರತ್ತಿಲ್ಲದೆ ಹಣ ಕೊಡುವ ಭಾರತೀಯ ಕಂಪನಿ ಅಪರೂಪ. ಈ ನಿಧಿಗೆ ನಾನು ಮನಸಾರೆ ಮೆಚ್ಚುಗೆ ಸೂಚಿಸುತ್ತೇನೆ. ಆದರೆ ಜೆರೋಧಾದಂತೆ ಆಡಳಿತ ಮಂಡಳಿಯೇ ಓಪನ್ ಸೋರ್ಸ್ ಅರಿತಿರುವ ಕಂಪನಿಗಳು ಎಷ್ಟಿವೆ? ಉಳಿದ ಕಡೆ ದಾನ ಕೊಡುವ ಅಧಿಕಾರ ಎಂಜಿನಿಯರಿಂಗ್ ಮ್ಯಾನೇಜರಿಗೆ ಇರುವುದಿಲ್ಲ. ವೆಂಡರಿನಿಂದ ಸೇವೆ ಕೊಳ್ಳುವ ಅಧಿಕಾರ ಇರುತ್ತದೆ. ಬಜೆಟ್ಟಿನಲ್ಲಿ ಬೆಂಬಲದ ಸಾಲು ಇರುತ್ತದೆ. ಆ ಸಾಲಿಗೆ ಹೊಂದುವ ಒಂದು ಇನ್‌ವಾಯ್ಸ್ ಬಂದರೆ ಹಣ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ಇನ್‌ವಾಯ್ಸ್ ಬರುವುದೂ ಸುಲಭವಲ್ಲ. ವೆಂಡರ್ ನೋಂದಣಿ, ಪಿಒ (ಖರೀದಿ ಆದೇಶ), ಮೂರು ವರ್ಷದ ಲೆಕ್ಕಪತ್ರ, ಮಿತಿಯಿಲ್ಲದ ನಷ್ಟಭರ್ತಿಯ ಷರತ್ತು, 24 ಗಂಟೆ ಏಳು ದಿನದ ಎಸ್‌ಎಲ್‌ಎ (ಸೇವಾ ಮಟ್ಟದ ಕರಾರು) ಎಂದು ಖರೀದಿ ವಿಭಾಗ ಪಟ್ಟಿ ಮುಂದಿಡುತ್ತದೆ. ಹೊರದೇಶದ ಮೇಂಟೇನರ್ ಆದರೆ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಪ್ರಮಾಣಪತ್ರ, ಆಮದು ಸೇವೆಯ ಮೇಲಿನ ಜಿಎಸ್‌ಟಿಯನ್ನು ಕೊಳ್ಳುವವರೇ ಕಟ್ಟುವ ಲೆಕ್ಕ. ಒಂಟಿ ಮನುಷ್ಯ ಇದನ್ನು ನೋಡಿದ ಕೂಡಲೇ ಹಿಂದೆ ಸರಿಯುತ್ತಾನೆ. ಸರ್ಕಾರಿ ಟೆಂಡರಿನಲ್ಲಂತೂ ಇಎಂಡಿ (ಮುಂಗಡ ಠೇವಣಿ) ಮತ್ತು ವಾರ್ಷಿಕ ವಹಿವಾಟಿನ ಷರತ್ತುಗಳು ಇಂಥವರನ್ನು ಬಾಗಿಲಲ್ಲೇ ತಡೆಯುತ್ತವೆ. 2015ರಲ್ಲಿ ಕೇಂದ್ರ ಸರ್ಕಾರ ಓಪನ್ ಸೋರ್ಸ್ ಅಳವಡಿಕೆಯ ನೀತಿ ತಂದಿತು. ಅದರ ಒತ್ತು ಬಳಕೆಯ ಮೇಲೆ. ಬಳಸಿದ ಕೋಡನ್ನು ಕಾಪಾಡುವವರ ಖರ್ಚು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಟೆಂಡರ್ ಬರೆಯುವವರ ಮುಂದೆ ಬರುವುದೇ ಇಲ್ಲ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ಮಾಸಿಪ್ ಎಂಬ ಗುರುತಿನ ವ್ಯವಸ್ಥೆ ಫಿಲಿಪ್ಪೀನ್ಸ್, ಮೊರಾಕೊ ಮುಂತಾದ ದೇಶಗಳಿಗೆ ಹೋಗಿದೆ. ಅದರ ಮೂಲ ತಂಡ ನಡೆಯುವುದು ಮುಖ್ಯವಾಗಿ ದಾನಿ ಸಂಸ್ಥೆಗಳ ನೆರವಿನಿಂದ, ಆಯಾ ದೇಶಗಳಲ್ಲಿ ಜಾರಿಗೊಳಿಸುವ ಗುತ್ತಿಗೆ ಸಿಗುವುದು ಸಿಸ್ಟಮ್ ಇಂಟಿಗ್ರೇಟರ್‌ಗಳಿಗೆ, ಅಂದರೆ ಬಿಡಿಭಾಗಗಳನ್ನು ಜೋಡಿಸಿಕೊಡುವ ಕಂಪನಿಗಳಿಗೆ. ನಮ್ಮ ನೆಲದಲ್ಲಿ ಹುಟ್ಟಿದ ಯೋಜನೆಯಲ್ಲೂ ಹಣದ ಹರಿವು ಅದೇ ದಾರಿಯದು.

ಕನ್ನಡಕ್ಕೂ ಇದರ ಬಿಸಿ ಇದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಒತ್ತಕ್ಷರ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದು ಹಾರ್ಫ್‌ಬಜ್ ಎಂಬ ಲೈಬ್ರರಿಯಿಂದ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುತ್ತವೆ. ಅದನ್ನು ಬೆಳೆಸಿದ ಬೆಹದಾದ್ ಎಸ್ಫಹಬೋದ್ ರೆಡ್ ಹ್ಯಾಟ್ ಮತ್ತು ಗೂಗಲ್‌ನ ಉದ್ಯೋಗಿಯಾಗಿ ಆ ಕೆಲಸ ಮಾಡಿದವರು, ಆದ್ದರಿಂದಲೇ ಅದು ಇಷ್ಟು ಗಟ್ಟಿಯಾಗಿದೆ. ಕನ್ನಡದ ಕಾಗುಣಿತ ಪರೀಕ್ಷಕ, ಅನೇಕ ಮುಕ್ತ ಫಾಂಟುಗಳು, ಇಂಟರ್ಫೇಸಿನ ಅನುವಾದ ಮುಂತಾದವು ಬಹುಮಟ್ಟಿಗೆ ಸ್ವಯಂಸೇವಕರ ಬಿಡುವಿನ ಫಲ. ಕನ್ನಡದಲ್ಲಿ ಸೇವೆ ಕೊಡುವ ಬ್ಯಾಂಕು, ಸುದ್ದಿಸಂಸ್ಥೆ, ಇಲಾಖೆಗಳು ಅದರ ಫಲ ಉಣ್ಣುತ್ತವೆ. ಅವುಗಳ ಆ್ಯಪ್‌ನಲ್ಲಿ ಅಕ್ಷರ ಒಡೆದು ಕಂಡಾಗ ಟಿಕೆಟ್ ತೆರೆಯುವವರಿಗೆ ಸಂಬಳವಿದೆ, ಫಾಂಟ್ ತಿದ್ದುವವರಿಗೆ ಇಲ್ಲ. ಇದು ನನಗೆ ನೋವು ತರುವ ಸಂಗತಿ.

ಈ ಚರ್ಚೆಗೆ ಈಗ ತುರ್ತು ಬಂದಿರುವುದು ಎರಡು ಕಾರಣಗಳಿಂದ. ಮೊದಲನೆಯದು ಕೃತಕ ಬುದ್ಧಿಮತ್ತೆ. ಭದ್ರತಾ ಲೋಪ ಹುಡುಕುವುದು ಈಗ ಅಗ್ಗ, ಹುಡುಕಿದ್ದೇವೆಂದು ಸುಳ್ಳು ವರದಿ ಬರೆಯುವುದು ಇನ್ನೂ ಅಗ್ಗ. ಓದಿ ಪರಿಶೀಲಿಸುವ ಹೊರೆ ಪೂರ್ತಿಯಾಗಿ ಮೇಂಟೇನರ್ ಮೇಲೆ. ಇಂಥ ವರದಿಗಳ ಹಾವಳಿಯಿಂದ ಕರ್ಲ್ ಲೋಪ ಹುಡುಕಿದವರಿಗೆ ಕೊಡುತ್ತಿದ್ದ ತನ್ನ ಬಹುಮಾನ ಯೋಜನೆಯನ್ನು 2026ರ ಜನವರಿ ಕೊನೆಗೆ ನಿಲ್ಲಿಸಿತು. ಲಿಬ್‌ಎಕ್ಸ್‌ಎಂಎಲ್2 ಎಂಬ, ಎಕ್ಸ್‌ಎಂಎಲ್ ರೂಪದ ಕಡತಗಳನ್ನು ಓದುವ ಲೈಬ್ರರಿ ನಡೆಸುತ್ತಿದ್ದ ನಿಕ್ ವೆಲ್‌ನ್‌ಹೋಫರ್ 2025ರಲ್ಲಿ, ಭದ್ರತಾ ವರದಿಗಳಿಗೆ ಇನ್ನು ವಿಶೇಷ ಉಪಚಾರವಿಲ್ಲ, ಸಾಮಾನ್ಯ ಬಗ್ಗಿನಂತೆಯೇ ನೋಡುತ್ತೇನೆ ಎಂದು ಘೋಷಿಸಿದರು. ಸಂಬಳವಿಲ್ಲದೆ ವಾರವಾರವೂ ಗಂಟೆಗಟ್ಟಲೆ ಅದರಲ್ಲೇ ಕಳೆದುಹೋಗುತ್ತಿತ್ತು. ಅದೇ ವರ್ಷ ಅವರು ಹೊಣೆಯಿಂದಲೇ ಕೆಳಗಿಳಿದರು.

ಎರಡನೆಯದು ಯುರೋಪಿನ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್. 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಈ ಕಾನೂನಿನ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯಿಸುತ್ತವೆ. ಯುರೋಪಿನಲ್ಲಿ ಡಿಜಿಟಲ್ ಉತ್ಪನ್ನ ಮಾರುವ ಕಂಪನಿ, ಅದು ಬೆಂಗಳೂರಿನದ್ದಾದರೂ, ತನ್ನೊಳಗಿನ ಓಪನ್ ಸೋರ್ಸ್ ಭಾಗಗಳ ಭದ್ರತೆಗೂ ಉತ್ತರ ಹೇಳಬೇಕು. ತಪ್ಪಿದರೆ ದಂಡ 1.5 ಕೋಟಿ ಯುರೋ ಅಥವಾ ವಹಿವಾಟಿನ ಶೇ 2.5ರಷ್ಟು ಏರಬಹುದು. ಮೇಂಟೇನರನ್ನು ಬಲ್ಲ, ಅವರೊಂದಿಗೆ ಕರಾರು ಇರುವ ಕಂಪನಿಗೆ ಇದು ಸುಲಭ. ಆದರೆ ಇದೇ ಕಾನೂನಿನ ಪೀಠಿಕೆಯಲ್ಲಿ ಮೇಂಟೇನರ್‌ಗಳು ಎಚ್ಚರದಿಂದ ಓದಬೇಕಾದ ಒಂದು ಮಾತಿದೆ. ತಾಂತ್ರಿಕ ಬೆಂಬಲಕ್ಕೆ ವಾಸ್ತವ ಖರ್ಚನ್ನು ಮೀರಿ ಶುಲ್ಕ ಪಡೆದರೆ ಅದು ವಾಣಿಜ್ಯ ಚಟುವಟಿಕೆಯ ಲಕ್ಷಣವಾಗಬಹುದು. ಹಾಗಾದರೆ ಉತ್ಪಾದಕನ ಹೊಣೆಗಳೆಲ್ಲ ಹೆಗಲಿಗೇರುತ್ತವೆ. ಹಣ ಪಡೆಯದವನಿಗೆ ವಿನಾಯಿತಿ, ಪಡೆದವನಿಗೆ ಭಾರ ಎಂಬಂತಾದರೆ ಬೆಂಬಲ ಮಾರಲು ಹೊರಟ ಒಂಟಿ ಡೆವಲಪರ್ ಹಿಂಜರಿಯುವುದು ಸಹಜ. ಒಬ್ಬೊಬ್ಬರೇ ಕರಾರು ಮಾಡಿಕೊಳ್ಳುವುದಕ್ಕಿಂತ ಫ್ರೆಕ್ಸಿಯನ್, ಜಿಯೋಮಿಸ್‌ನಂಥ ಕೂಟಗಳ ಮೂಲಕ ಮಾಡಿಕೊಳ್ಳುವುದು ಜಾಣತನ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಅಂಥ ಕೂಟವೊಂದು ಬೇಕು. ಬೆಂಗಳೂರಿನಲ್ಲೇ ಇರುವ ಫಾಸ್ ಯುನೈಟೆಡ್‌ನಂಥ ಸಂಸ್ಥೆಗಳ ಸುತ್ತ ಸೇರುವ ಸಮುದಾಯ ಅದಕ್ಕೆ ನೆಲೆಯಾಗಬಲ್ಲದು. ಅದು ಹತ್ತಿಪ್ಪತ್ತು ಮೇಂಟೇನರ್‌ಗಳ ಪರವಾಗಿ ಒಂದೇ ವೆಂಡರ್ ಆಗಿ ನೋಂದಾಯಿಸಿಕೊಂಡು ಜಿಎಸ್‌ಟಿ, ಟಿಡಿಎಸ್, ಪಿಒ ಎಲ್ಲವನ್ನೂ ನಿಭಾಯಿಸಲಿ. ಕರಾರು ವಾರ್ಷಿಕವಾಗಿರಲಿ, ಟಿಕೆಟ್ ಎಣಿಕೆಗೆ ಕಟ್ಟುಬೀಳದಿರಲಿ. ಎಲ್1, ಎಲ್2 ಸೋಸುವಿಕೆ ಕಂಪನಿಯದ್ದೇ ಆಗಿರಲಿ, ಮೇಂಟೇನರ್ ಬಳಿಗೆ ಬರುವುದು ಕೋಡಿನ ಪ್ರಶ್ನೆ ಮಾತ್ರ, ಉತ್ತರ ಕೆಲಸದ ದಿನಗಳಲ್ಲಿ ಮಾತ್ರ. ತಿದ್ದುಪಡಿ ಸಾರ್ವಜನಿಕ ಕೋಡಿಗೆ ಸೇರಬೇಕು, ಯಾವ ಗ್ರಾಹಕನಿಗೂ ಖಾಸಗಿ ಆವೃತ್ತಿ ಇರಬಾರದು. ನಷ್ಟಭರ್ತಿಯ ಮಿತಿ ಪಡೆದ ಶುಲ್ಕವನ್ನು ಮೀರಬಾರದು. ಸೇವಾ ಕಂಪನಿಗಳು ಗ್ರಾಹಕರಿಗೆ ಕೊಡುವ ದರಪಟ್ಟಿಯಲ್ಲಿ ಎಲ್3 ಎಂಬ ಸಾಲಿನ ಕೆಳಗೆ ಮೂಲ ಯೋಜನೆಗೆ ಸಂದಾಯ ಎಂಬ ಇನ್ನೊಂದು ಸಾಲು ಸೇರಿಸಲಿ. ವಿದೇಶಿ ಬ್ಯಾಂಕಿಗೆ ಕಳುಹಿಸುವ ಬಿಲ್ಲಿನಲ್ಲಿ ಅದು ಕಣ್ಣಿಗೂ ಬೀಳದಷ್ಟು ಸಣ್ಣ ಮೊತ್ತ.

ಸರ್ಕಾರ ಮಾಡಬಹುದಾದದ್ದು ಇನ್ನೂ ಸರಳ. ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು: ಈ ವ್ಯವಸ್ಥೆ ನಿಂತಿರುವ ಮುಖ್ಯ ಓಪನ್ ಸೋರ್ಸ್ ಭಾಗಗಳು ಯಾವುವು ಎಂಬ ಪಟ್ಟಿಯನ್ನೂ, ಅವುಗಳ ಮೇಂಟೇನರ್‌ಗಳೊಂದಿಗೆ ಅಥವಾ ಅವರ ಕೂಟದೊಂದಿಗೆ ಇರುವ ಬೆಂಬಲ ಕರಾರಿನ ಪ್ರತಿಯನ್ನೂ ಬಿಡ್‌ದಾರರು ತಾಂತ್ರಿಕ ಬಿಡ್ಡಿನ ಜೊತೆ ಲಗತ್ತಿಸಬೇಕು. ಎಎಂಸಿ ಅವಧಿಯುದ್ದಕ್ಕೂ ಆ ಕರಾರು ಚಾಲ್ತಿಯಲ್ಲಿರಬೇಕು, ವಾರ್ಷಿಕ ಬಿಲ್ ಪಾಸಾಗುವ ಮುನ್ನ ಅದರ ಪಾವತಿಯ ರಸೀದಿ ತೋರಿಸಬೇಕು.